ಯಾರೂ ಸೇದದ ಪೈಪುಗಳು

"ತುಕ್ರಪ್ಪನವರ ಮನೆ ಇದೇ ಅಲ್ವಾ?"

ಅಂಗಳದಿಂದ ಗಂಡಸಿನ ದನಿ ಕೇಳಿದ ಕೂಡಲೇ ಪದ್ಮಾಕ್ಷಿ ಬೀಡಿಯ ಮೊರವನ್ನು ಬದಿಗೆ ಸರಿಸಿದಳು. ಗುರುತಿಲ್ಲದ ದನಿ. ಅವಳು ತಕ್ಷಣ ಬಾಗಿಲಿಗೆ ಬರಲಿಲ್ಲ. ಒಳಕೋಣೆಯ ಕಡೆಗೆ ತಿರುಗಿ, ಹೊರಗೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ, "ಅಪ್ಪಾ, ಯಾರೋ ಬಂದಿದ್ದಾರೆ. ನೀವು ಏಳುವುದು ಬೇಡ, ನಾನು ನೋಡ್ತೇನೆ" ಎಂದಳು.

ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ತುಕ್ರಪ್ಪ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು.

ಬೆಳ್ತಂಗಡಿ ಪೇಟೆಯ ಕೊನೆಗೆ, ಚಾರ್ಮಾಡಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಆ ಪುಟ್ಟ ಹಂಚಿನ ಮನೆಯಲ್ಲಿ ಪದ್ಮಾಕ್ಷಿ ಒಬ್ಬಳೇ ಇದ್ದಳು. ವಯಸ್ಸು ಮೂವತ್ತು ದಾಟಿತ್ತು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತಾ ಇರುವಾಗಲೇ ಮದುವೆಯ ವಯಸ್ಸು ಸದ್ದಿಲ್ಲದೆ ಹಾದುಹೋಗಿತ್ತು. ಅಪ್ಪ ಹೋದ ಮೇಲೆ ಉಳಿದದ್ದು ಮನೆ, ಬೀಡಿ ಕಟ್ಟುವ ಕೆಲಸ, ಮತ್ತು ಅವನು ಕಲಿಸಿಕೊಟ್ಟು ಹೋದ ಒಂದು ವಿಚಿತ್ರ ವಿದ್ಯೆ. ತುಕ್ರಪ್ಪ ಒಂದು ಕಾಲದಲ್ಲಿ ರಬ್ಬರ್ ತೋಟದ ಬಂಗಲೆಯಲ್ಲಿ ಬಿಳಿಯ ದೊರೆಯ ಬಟ್ಲರ್ ಆಗಿದ್ದವನು. ದೊರೆಯ ಪೈಪುಗಳನ್ನು ಬಿಚ್ಚಿ, ತೊಳೆದು, ಹೊಳಪು ಕೊಟ್ಟು ಇಡುವುದು ಅವನ ಕೆಲಸವಾಗಿತ್ತು. ದೊರೆ ತೋಟ ಮಾರಿ ಊರು ಬಿಟ್ಟ ಮೇಲೆ ಅವನು ಆ ಕೆಲಸವನ್ನು ಮನೆಯ ಜಗಲಿಗೆ ತಂದ. ಸುತ್ತಲಿನ ಪೈಪು ಸೇದುವವರು, ಅಂದರೆ ಒಬ್ಬ ಡಾಕ್ಟರು, ಒಬ್ಬ ರೇಂಜರು, ತೋಟಗಳ ಮ್ಯಾನೇಜರುಗಳು, ಹಳೆಯ ಪೈಪು ಕಟ್ಟಿಹೋದರೆ ಅಲ್ಲಿಗೇ ಕಳಿಸುತ್ತಿದ್ದರು.

ಈಗ ಆ ಕೆಲಸ ಮಾಡುತ್ತಿದ್ದವಳು ಪದ್ಮಾಕ್ಷಿ. ಆದರೆ ಪರಸ್ಥಳದವರು ಬಂದರೆ ಅವಳು ಅಪ್ಪನನ್ನು ಒಳಗೆ ಮಲಗಿಸಿಬಿಡುತ್ತಿದ್ದಳು. ಒಂಟಿ ಹೆಂಗಸು ಎಂದು ಗೊತ್ತಾದ ಮೇಲೆ ಕೆಲವು ಗಂಡಸರ ದನಿ ಹೇಗೆ ಬದಲಾಗುತ್ತದೆ ಎಂಬುದನ್ನು ಅವಳು ಕಂಡವಳು. ಹಾಗಾಗಿ ಅಪ್ಪನ ಚಪ್ಪಲಿ ಇನ್ನೂ ಬಾಗಿಲ ಬಳಿ ಇತ್ತು. ದಿನಾ ಅದನ್ನು ಸ್ವಲ್ಪ ಆಚೀಚೆ ಸರಿಸುತ್ತಿದ್ದಳು.

ಅಂಗಳದಲ್ಲಿ ನಿಂತವನು ಎತ್ತರದ, ಬಿಸಿಲಿಗೆ ಕಂದಿದ ಮನುಷ್ಯ. ಖಾಕಿ ಪ್ಯಾಂಟು, ಕೈಯಲ್ಲಿ ಹ್ಯಾಟು. ಕಿವಿಯ ಬಳಿ ಕೂದಲು ನೆರೆಯತೊಡಗಿತ್ತು.

"ನಾನು ಅಭಯಚಂದ್ರ. ಚಾರ್ಮಾಡಿ ಘಾಟಿ ರಸ್ತೆಯ ಕೆಲಸದ ಓವರ್ಸಿಯರ್. ಈ ಮಳೆಗೆ ರಸ್ತೆ ಕುಸಿದಿದೆಯಲ್ಲ, ಬೇಸಿಗೆ ಮುಗಿಯುವವರೆಗೆ ಅಲ್ಲೇ. ಪೈಪಿನ ರಿಪೇರಿಗೆ ಈ ತಾಲೂಕಿನಲ್ಲಿ ಇದೊಂದೇ ಮನೆ ಅಂತ ಬಸ್ಸಿನ ಕಂಡಕ್ಟರ್ ರುಕ್ಮಯ್ಯ ಹೇಳಿದ."

"ಅಪ್ಪನಿಗೆ ಮೈ ಸರಿ ಇಲ್ಲ. ಕೊಟ್ಟು ಹೋಗಿ, ಮಾಡಿಡ್ತಾರೆ."

ಅವನು ಕರವಸ್ತ್ರ ಬಿಚ್ಚಿ ಪೈಪನ್ನು ಕೊಟ್ಟ. ಅವಳ ಮುಖವನ್ನೊಮ್ಮೆ, ಬಾಗಿಲ ಬಳಿಯ ಚಪ್ಪಲಿಯನ್ನೊಮ್ಮೆ ನೋಡಿದ. ಮತ್ತೆ ಒಳಕೋಣೆಯ ಕಡೆ ಮುಖ ಮಾಡಿ, "ನಮಸ್ಕಾರ ತುಕ್ರಪ್ಪಣ್ಣ. ಅವಸರ ಇಲ್ಲ, ನಿಧಾನಕ್ಕೆ ಮಾಡಿ" ಎಂದು ವಿನಯದಿಂದ ಹೇಳಿ ಇಳಿದುಹೋದ.

ಅವನು ಹೋದ ಮೇಲೂ ಪದ್ಮಾಕ್ಷಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಅಪ್ಪನ ಹೆಸರಿಗೆ 'ಅಣ್ಣ' ಸೇರಿಸಿ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು!

*

ಆ ಪೈಪಿನ ಅವಸ್ಥೆ ಹೇಳುವಂತಿರಲಿಲ್ಲ. ತಂಬಾಕು ತುಂಬುವ ಬಟ್ಟಲಿನ ಒಳಗೆ ಕರಿ ಹೆಪ್ಪುಗಟ್ಟಿ ಕಿರುಬೆರಳೂ ಹೋಗುತ್ತಿರಲಿಲ್ಲ. ಕಪ್ಪಾಗಿರಬೇಕಾದ ರಬ್ಬರಿನ ನಳಿಕೆ ಹಸಿರು ಹಳದಿಯಾಗಿ ಪಾಚಿ ಹಿಡಿದಂತಿತ್ತು. ಅವಳು ನಳಿಕೆಯನ್ನು ತಿರುಚಿ ಬೇರೆ ಮಾಡಿದಳು. ಸಣ್ಣ ಚೂರಿಯಿಂದ ಬಟ್ಟಲಿನ ಕರಿಯನ್ನು ಕೆರೆದು, ಮರಕ್ಕೆ ಕಾಪಾಗಿ ತೆಳ್ಳಗಿನ ಒಂದು ಪದರ ಮಾತ್ರ ಉಳಿಸಿದಳು. ಉಪ್ಪು ತುಂಬಿ, ಮೇಲಿಂದ ಸ್ಪಿರಿಟ್ ತೊಟ್ಟಿಕ್ಕಿಸಿ ಇಟ್ಟಳು. ಮರುದಿನಕ್ಕೆ ಉಪ್ಪೆಲ್ಲ ಕಂದುಬಣ್ಣಕ್ಕೆ ತಿರುಗಿತ್ತು. ಗುಡಿಸುವ ಹಿಡಿಸೂಡಿಯ ಕಡ್ಡಿಗೆ ಹತ್ತಿ ಸುತ್ತಿ, ಕೋಳಿಯ ಗರಿ ತೂರಿಸಿ, ಒಳದಾರಿಯನ್ನು ಬಿಳಿ ಹತ್ತಿ ಬಿಳಿಯಾಗಿಯೇ ಹೊರಬರುವವರೆಗೆ ಉಜ್ಜಿದಳು.

ಕೊನೆಗೆ ಉಳಿದದ್ದು ನಳಿಕೆಯ ತುದಿ. ಎಡಬದಿಯಲ್ಲಿ ಹಲ್ಲಿನ ಗುರುತು ಎಷ್ಟು ಆಳವಾಗಿತ್ತೆಂದರೆ, ಇನ್ನು ಸ್ವಲ್ಪದರಲ್ಲಿ ತೂತಾಗುತ್ತಿತ್ತು. ಒಂದು ಹಲ್ಲಿನ ಮೂಲೆ ಚೂರು ಮುರಿದಿರಬೇಕು, ಗುರುತು ಅಲ್ಲಿ ಓರೆಯಾಗಿತ್ತು. 'ದೇವರೇ, ಎಂಥ ಮುಂಗೋಪಿ' ಎಂದುಕೊಂಡು ಅದನ್ನು ದೀಪದ ಕುಡಿಯ ಮೇಲೆ ಆಚೀಚೆ ಆಡಿಸಿದಳು. ಬಿಸಿ ತಾಗಿದಂತೆ ಒತ್ತಿಹೋದ ರಬ್ಬರು ಮೆಲ್ಲನೆ ಮೇಲೆದ್ದು ಬಂತು. ಆಮೇಲೆ ಜೇನುಮೇಣದ ಹೊಳಪು.

ಶನಿವಾರ ಅವನು ಬಂದ. ಪೈಪನ್ನು ಬೆಳಕಿಗೆ ಹಿಡಿದು ನೋಡಿ, "ಇದು ನನ್ನದೇ ಹೌದಾ?" ಎಂದ.

"ಅಪ್ಪ ಒಂದು ಮಾತು ಕೇಳಿದ್ರು," ಪದ್ಮಾಕ್ಷಿ ಬೀಡಿ ಎಲೆಯಿಂದ ಕಣ್ಣೆತ್ತದೆ ಹೇಳಿದಳು, "ನಿಮಗೆ ಸಿಟ್ಟು ಜಾಸ್ತಿಯಾ ಅಂತ."

"ಸಿಟ್ಟಾ? ಯಾಕೆ?"

"ನಳಿಕೆಯನ್ನು ಕಚ್ಚಿದ್ದು ನೋಡಿ ಅವರಿಗೆ ಹಾಗೆ ಕಂಡದ್ದು."

ಅವನು ನಕ್ಕ. ಎಡಬದಿಯ ಒಂದು ಹಲ್ಲಿನ ಮೂಲೆ ನಿಜವಾಗಿಯೂ ಮುರಿದಿತ್ತು. "ಅಪ್ಪನಿಗೆ ಹೇಳಿ, ಅಳತೆಯ ದುರ್ಬೀನು ನೋಡುವಾಗ ಎರಡು ಕೈಯೂ ಅದರ ಮೇಲೇ ಇರ್ತದೆ. ಪೈಪನ್ನು ಹಲ್ಲಿನಲ್ಲೇ ಹಿಡಿಯಬೇಕು. ಬಿದ್ದರೆ ಸೀದಾ ಕಣಿವೆಗೆ. ಸಿಟ್ಟು ಮಾಡಲಿಕ್ಕೆ ನನಗೆ ಅಲ್ಲಿ ಯಾರಿದ್ದಾರೆ? ಕೋತಿಗಳು ಮಾತ್ರ."

ತನ್ನ ಲೆಕ್ಕ ತಪ್ಪಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ತಪ್ಪಿದ್ದಕ್ಕೆ ಯಾಕೋ ಸಂತೋಷವೂ ಆಯಿತು.

ಹೊರಡುವಾಗ ಅವನು ಮತ್ತೆ ಒಳಗೆ ನೋಡಿ, "ಬರ್ತೇನೆ ತುಕ್ರಪ್ಪಣ್ಣ, ಕೈ ಅಂದ್ರೆ ನಿಮ್ಮದು!" ಎಂದ. ಹೊಗಳಿಕೆ ಯಾರೂ ಇಲ್ಲದ ಕೋಣೆಗೆ ಹೋಯಿತು. ಕೇಳಿಸಿಕೊಂಡವಳು ತಲೆ ತಗ್ಗಿಸಿದಳು.

*

ಅಲ್ಲಿಂದ ಮೇಲೆ ಅವನು ಪ್ರತಿ ಶನಿವಾರ ಬರತೊಡಗಿದ. ಚಾರ್ಮಾಡಿಯಿಂದ ಬರುವ ಬಸ್ಸಿನಲ್ಲಿ ಇಳಿದು, ಜಗಲಿಯಲ್ಲಿ ಒಂದಿಷ್ಟು ಹೊತ್ತು ಕೂತು, ಮೂಡುಬಿದಿರೆಯ ಬಸ್ಸು ಹಿಡಿಯುತ್ತಿದ್ದ. ಅಲ್ಲಿ ಬಸದಿಯ ಹತ್ತಿರದ ಮನೆಯಲ್ಲಿ ಅವನ ತಾಯಿ ಇದ್ದರು. ಮದುವೆಯಾಗಿ ಎರಡೇ ವರ್ಷಕ್ಕೆ ಹೆಂಡತಿ ಜ್ವರದಲ್ಲಿ ತೀರಿಕೊಂಡಳೆಂದೂ, ಅದಾಗಿ ಹತ್ತು ವರ್ಷ ಕಳೆಯಿತೆಂದೂ ಒಂದು ಶನಿವಾರ ಮಾತಿನ ನಡುವೆ ಹೇಳಿದ. ಹೊಗೆಸೊಪ್ಪು ಮುಟ್ಟದ ಜೈನರ ಮನೆಯ ಮಗ. ಪೈಪು ಕಲಿತದ್ದು ಆಮೇಲೆ, ಘಟ್ಟದ ಶೆಡ್ಡುಗಳ ಒಂಟಿತನದಲ್ಲಿ.

"ಹಳೇ ಪೈಪು ಇನ್ನೊಂದು ಉಂಟು," ಎಂದು ಎರಡನೆಯದನ್ನು ತಂದ. ಆಮೇಲೆ ಮೂರನೆಯದು. ಅದರೊಂದಿಗೆ ಅಪ್ಪನಿಗೆಂದು ಏನಾದರೂ ಇರುತ್ತಿತ್ತು. ಒಮ್ಮೆ ಚಿಕ್ಕಮಗಳೂರಿನ ಕಾಫಿ ಪುಡಿ, ಒಮ್ಮೆ ಕೆಮ್ಮಿಗೆ ಕಷಾಯದ ಪುಡಿ, ದೀಪಾವಳಿಯ ಹೊತ್ತಿಗೆ ಒಂದು ಕಂದುಬಣ್ಣದ ಉಣ್ಣೆಯ ಮಫ್ಲರು.

"ಅಪ್ಪನಿಗೆ ಕಾಫಿ ಹಿಡಿಸಿತಾ?"

"ಹೂಂ. ಸ್ವಲ್ಪ ಕಡು ಆಯ್ತಂತೆ."

"ಮಫ್ಲರ್ ಹಾಕಿಕೊಳ್ತಾರಾ?"

"ಬೆಳಗ್ಗೆ ಹೊತ್ತು ಬಿಡುವುದೇ ಇಲ್ಲ."

ಅದು ಸುಳ್ಳಾಗಿರಲಿಲ್ಲ. ಧನುರ್ಮಾಸದ ಚಳಿಯಲ್ಲಿ ಅದನ್ನು ಕುತ್ತಿಗೆಗೆ ಸುತ್ತಿಕೊಂಡು, ಒಲೆಯ ಮುಂದೆ ಒಬ್ಬಳೇ ಕೂತು ಆ ಕಡು ಕಾಫಿ ಕುಡಿಯುತ್ತಿದ್ದವಳು ಪದ್ಮಾಕ್ಷಿ. ಎರಡು ಲೋಟಕ್ಕಾಗುವಷ್ಟು ಮಾಡುವುದು ಅವಳಿಗೆ ಇನ್ನೂ ತಪ್ಪಿರಲಿಲ್ಲ. ಎರಡನೆಯ ಲೋಟವನ್ನೂ ತಾನೇ ಕುಡಿಯುತ್ತಿದ್ದಳು. ಅವನ ಒಳ್ಳೆಯತನವನ್ನು ತಾನು ಕದಿಯುತ್ತಿದ್ದೇನೆ ಅನಿಸುತ್ತಿತ್ತು. ಹೇಳಿಬಿಡುವ ಎಂದುಕೊಳ್ಳುವಳು. ಆದರೆ ಹೇಳಿದ ಮೇಲೆ ಅವನು ಜಗಲಿಯಲ್ಲಿ ಕೂರುವುದು ಹೇಗೆ? ಒಳಗೆ ಅಪ್ಪ ಇದ್ದರೆ ತಾನೇ ಅವನಿಗೆ ಇಲ್ಲಿ ಕೂರಲು ಒಂದು ಮರ್ಯಾದೆಯ ಕಾರಣ?

ಪಕ್ಕದ ಮನೆಯ ಜೈನಬಮ್ಮ ಬೀಡಿ ಕಟ್ಟಲು ಅವಳ ಜೊತೆ ಕೂರುವವರು, ವಯಸ್ಸಾದ ಬ್ಯಾರಿ ಮುಸ್ಲಿಂ ಹೆಂಗಸು. ಒಂದು ದಿನ ಎಲೆ ಕತ್ತರಿಸುತ್ತಾ, "ಪದ್ಮಕ್ಕ, ನಿನ್ನ ಅಪ್ಪನಿಗೆ ಒಳ್ಳೆಯ ಗೆಳೆಯ ಸಿಕ್ಕಿದ್ದಾನೆ ಮಾರಾಯ್ತಿ," ಎಂದರು.

"ಸುಮ್ಮನಿರಿ ಜೈನಬಮ್ಮ."

"ನಾನು ಸುಮ್ಮನೇ ಇದ್ದೇನೆ. ಶನಿವಾರ ಬೀಡಿಯ ನೂಲು ಮಾತ್ರ ನಿನ್ನ ಕೈಯಲ್ಲಿ ಸುಮ್ಮನೆ ನಿಲ್ಲುವುದಿಲ್ಲ."

*

ಸಂಶಯ ಬಂದದ್ದು ಮೂರನೆಯ ಪೈಪಿನಲ್ಲಿ. ಹಲ್ಲಿನ ಗುರುತು ಬಲಬದಿಯಲ್ಲಿತ್ತು. ನಾಲ್ಕನೆಯದರಲ್ಲಿ ಗುರುತೇ ಇರಲಿಲ್ಲ, ಬಾಯಲ್ಲಿ ಹಲ್ಲಿಲ್ಲದ ಯಾರೋ ಮುದುಕ ವಸಡಿನಲ್ಲಿ ಹಿಡಿದು ಸೇದಿದ ಹಾಗಿತ್ತು. ಬಟ್ಟಲಿನಲ್ಲಿದ್ದ ಬೂದಿಯೂ ಹಳೆಯದು, ಎಷ್ಟೋ ವರ್ಷದಿಂದ ಬೆಂಕಿ ಕಾಣದ್ದು. ಅದೂ ಅಲ್ಲದೆ, ಅವನ ಅಂಗಿಯಿಂದ ಮೊದಲು ಬರುತ್ತಿದ್ದ ತಂಬಾಕಿನ ವಾಸನೆ ಈಗ ಬರುತ್ತಿರಲಿಲ್ಲ.

ಪದ್ಮಾಕ್ಷಿ ಏನೂ ಕೇಳಲಿಲ್ಲ. ತೊಳೆದು ಕೊಟ್ಟಳು.

ಶಿವರಾತ್ರಿ ಕಳೆದ ಮೇಲೆ ಅವನು ಇನ್ನೊಂದನ್ನು ತಂದು ಕೊಟ್ಟು, ಎಂದಿನಂತೆ ಒಳಕೋಣೆಗೆ ನಮಸ್ಕಾರ ಹೇಳಿ ಮೂಡುಬಿದಿರೆಗೆ ಹೋದ. ಅವಳು ಕರವಸ್ತ್ರ ಬಿಚ್ಚಿದಳು. ಪೈಪನ್ನು ಬಾಗಿಲ ಬೆಳಕಿಗೆ ತಂದು ತಿರುಗಿಸಿ ನೋಡಿದಳು.

ನಳಿಕೆ ಬಂದು ಸೇರುವ ಕಡೆ ಮರ ಒಡೆದಿತ್ತು. ಆ ಒಡಕಿಗೆ ಹಿತ್ತಾಳೆಯ ತಂತಿ ಸುತ್ತಿ, ತಂತಿಯ ತುದಿಯನ್ನು ಜಡೆಯಂತೆ ಹೆಣೆದು ಒಳಕ್ಕೆ ಮಡಚಿತ್ತು. ಹಾಗೆ ಹೆಣೆಯುವ ಕೈ ಈ ಊರಿನಲ್ಲಿ ಒಂದೇ. ಅವಳದೇ.

ಅದು ದೊರೆ ಹೋಗುವಾಗ ಅಪ್ಪನಿಗೆ ಕೊಟ್ಟ ಪೈಪು. ಅಪ್ಪ ಎಂದೂ ಸೇದಲಿಲ್ಲ. ಸಂಜೆ ಹೊತ್ತು ಸುಮ್ಮನೆ ಕೈಯಲ್ಲಿ ಹಿಡಿದು ಕೂರುತ್ತಿದ್ದ. ಅವನ ಔಷಧಿಗೆಂದು ಅವಳು ಅದನ್ನು ಬಿ.ಸಿ.ರೋಡಿಗೆ ಒಯ್ದು ಹಾಜಬ್ಬರ ಗುಜರಿ ಅಂಗಡಿಗೆ ಮಾರಿದ್ದಳು. ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಕೊನೆಯವರೆಗೂ ಅದನ್ನು ಕೇಳಲಿಲ್ಲ.

ಪೈಪನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ಅತ್ತಳು. ಅಪ್ಪ ಹೋದ ದಿನ ಬಂದವರಿಗೆಲ್ಲ ನೀರು ಕೊಡುವ ಗಡಿಬಿಡಿಯಲ್ಲಿ ಅಳಲು ಬಿಡುವಿರಲಿಲ್ಲ. ಆ ಅಳುವೂ ಇದರಲ್ಲಿ ಸೇರಿತ್ತು.

*

ಮುಂದಿನ ಶನಿವಾರ ಅವನು ಬಂದಾಗ ಪೈಪು ಜಗಲಿಯ ಮಣೆಯ ಮೇಲೆ ಹೊಳೆಯುತ್ತಾ ಕೂತಿತ್ತು.

"ಓವರ್ಸಿಯರ್ರೆ, ಇದು ಯಾರದ್ದು?"

"ನನ್ನದೇ. ಹಳೇದು."

"ಈ ತಂತಿ ಸುತ್ತಿದ್ದು ನಾನು. ಇದು ನನ್ನ ಅಪ್ಪನ ಪೈಪು. ಹಾಜಬ್ಬರ ಅಂಗಡಿಗೆ ನಾನೇ ಕೊಟ್ಟದ್ದು."

ಅಭಯಚಂದ್ರ ಹ್ಯಾಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಘಟ್ಟದಲ್ಲಿ ನೂರು ಮಂದಿ ಆಳುಗಳನ್ನು ದುಡಿಸುವ ಮನುಷ್ಯ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತ.

"ಅದಕ್ಕಿಂತ ಮೊದಲಿನದ್ದು ಬೊಚ್ಚುಬಾಯಿಯ ಮುದುಕರದ್ದು," ಅವಳು ಬಿಡಲಿಲ್ಲ. "ಅದಕ್ಕೂ ಮೊದಲಿನದ್ದು ಬಲಬದಿಯಲ್ಲಿ ಕಚ್ಚುವವರದ್ದು. ನಿಮ್ಮ ಬಾಯಿಯಲ್ಲಿ ಎಷ್ಟು ಜನರ ಹಲ್ಲುಂಟು?"

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕವನು ಹಾಗೇ ಜಗಲಿಯ ಅಂಚಿನಲ್ಲಿ ಕೂತುಬಿಟ್ಟ.

"ಸೇದುವುದು ಬಿಟ್ಟು ತುಂಬ ಕಾಲ ಆಯ್ತು. ಎದೆಯಲ್ಲಿ ಕೆಮ್ಮು ಕೂತಿದೆ, ಇನ್ನು ಮುಟ್ಟಬೇಡಿ ಅಂದ್ರು ಡಾಕ್ಟರ್ರು. ಪೈಪು ಬಿಡುವುದು ಕಷ್ಟ ಆಗಲಿಲ್ಲ. ಆದರೆ ಪೈಪಿಲ್ಲದೆ ಇಲ್ಲಿಗೆ ಎಂತ ಹೇಳಿ ಬರುವುದು? ಹಾಜಬ್ಬರಲ್ಲಿ ಒಂದು ಗೋಣಿಯಷ್ಟು ಹಳೇ ಪೈಪು ಇತ್ತು, ಬಂಗಲೆಗಳಿಂದ ಬಂದದ್ದು. ಒಂದೊಂದಾಗಿ ತಂದೆ."

ಅವಳಿಗೆ ಕೆನ್ನೆ ಬಿಸಿಯಾಯಿತು. ಅಭ್ಯಾಸಬಲದಿಂದ ಬಾಗಿಲಿನ ಕಡೆ ನೋಡಿ, "ಮೆಲ್ಲ ಮಾತಾಡಿ. ಅಪ್ಪನಿಗೆ ಕೇಳಿದರೆ..." ಎಂದಳು.

"ಪದ್ಮಾಕ್ಷಿ," ಅವನು ಮೊದಲ ಸಲ ಅವಳ ಹೆಸರು ಹಿಡಿದು ಕರೆದ. ದನಿ ತುಂಬ ಮೆತ್ತಗಿತ್ತು. "ಒಳಗೆ ಅಪ್ಪ ಇಲ್ಲ."

ರಸ್ತೆಯಲ್ಲಿ ಒಂದು ಎತ್ತಿನಗಾಡಿ ಹಾದುಹೋಯಿತು. ಅವಳು ಮಣೆಯ ಮೇಲಿದ್ದ ಪೈಪನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಳು.

"ಯಾರು ಹೇಳಿದ್ದು?"

"ರುಕ್ಮಯ್ಯ. ನಾನು ಮೊದಲ ದಿವಸ ಬರುವಾಗಲೇ, ಬಸ್ಸಿನಲ್ಲಿ. 'ತುಕ್ರಪ್ಪಣ್ಣ ತೀರಿಕೊಂಡಿದ್ದಾರೆ, ಈಗ ಮಗಳು ಮಾಡುವುದು, ಆದರೆ ಅವಳು ಅಪ್ಪ ಇದ್ದಾರೆ ಅಂತ ಹೇಳ್ತಾಳೆ, ನೀವು ಹೌದು ಅಂತ ಹೇಳಿ' ಅಂದ."

"ಮತ್ತೆ... ಪ್ರತಿ ಸರ್ತಿ ಒಳಗೆ ನೋಡಿ ಮಾತಾಡಿದ್ದು?"

"ನೀವು ಅಷ್ಟು ಕಷ್ಟಪಟ್ಟು ಒಬ್ಬರನ್ನು ಕಾವಲಿಗೆ ಕೂರಿಸಿದ್ದೀರಿ. ನಾನು ಬಂದು ಅವರನ್ನು ಎಬ್ಬಿಸಿ ಕಳಿಸುವುದು ಸರಿಯಾ?"

ಅವಳಿಗೆ ಸಿಟ್ಟು ಬಂತು. ಅವಮಾನವೂ ಆಯಿತು. ಇಷ್ಟು ತಿಂಗಳು ಹೊತ್ತಿದ್ದ ಭಾರವೊಂದನ್ನು ಯಾರೋ ಕೇಳದೆಯೇ ಇಳಿಸಿಕೊಂಡ ಹಾಗೂ ಆಯಿತು.

"ಹಾಗಾದರೆ ಆ ಕಾಫಿ ಪುಡಿ?"

"ನಿಮಗೆ ತಂದದ್ದು."

"ಕಷಾಯದ ಪುಡಿ?"

"ಬೀಡಿ ಕಟ್ಟುವಾಗ ನೀವು ಕೆಮ್ಮುತ್ತಾ ಇದ್ರಿ."

"ಮಫ್ಲರ್?"

"ಕಂದುಬಣ್ಣ ಗಂಡಸರ ಹಾಗೆ ಕಾಣ್ತದೆ ಅಂತ ಅದನ್ನು ತಂದೆ. ಅಂಗಡಿಯಲ್ಲಿ ಕೆಂಪು ಇತ್ತು. ನನಗೆ ಇಷ್ಟ ಆದದ್ದು ಅದು."

ಪದ್ಮಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಅವನು ಹತ್ತಿರ ಬರಲಿಲ್ಲ. ಜಗಲಿಯ ಆ ತುದಿಯಲ್ಲೇ ಕೂತು, ಅವಳು ಸುಧಾರಿಸಿಕೊಳ್ಳುವವರೆಗೆ ಕಾದ.

"ಘಾಟಿಯ ಕೆಲಸ ಮಳೆಗೆ ಮೊದಲು ಮುಗೀತದೆ," ಕೊನೆಗೆ ಹೇಳಿದ. "ಆಮೇಲೆ ನನ್ನನ್ನು ಶಿರಸಿಗೆ ಹಾಕಿದ್ದಾರೆ. ನೀವು ನನ್ನ ಜೊತೆ ಬರ್ತೀರಾ? ರಿಜಿಸ್ಟರ್ ಮದುವೆ ಮಾಡಿಕೊಳ್ಳುವ."

"ನಿಮ್ಮ ಅಮ್ಮ?"

ಅವನು ನೆಲ ನೋಡಿದ. "ಹೇಳಿದ್ದೇನೆ. ಬೇರೆ ಜಾತಿ, ನಾನು ಬರುವುದಿಲ್ಲ, ಕಟ್ಟಿಕೊಂಡ ಮೇಲೆ ನೀನೂ ಇಲ್ಲಿಗೆ ಬರಬೇಡ ಅಂದ್ರು. ಅವರಿಗೆ ನಾನೊಬ್ಬನೇ ಮಗ. ಆದರೂ ನಾನು..."

"ಬೇಡ." ಆ ಒಂದು ಮಾತು ಅವಳ ಬಾಯಿಂದ ತಾನಾಗಿ ಬಂತು.

"ಪದ್ಮಾಕ್ಷಿ..."

"ಒಬ್ಬಳೇ ಇರುವುದು ಎಂತ ಅಂತ ನಿಮಗೆ ಗೊತ್ತಿಲ್ಲ. ಘಟ್ಟದಲ್ಲಿ ನೀವು ಒಬ್ಬರೇ ಇರಬಹುದು, ಶನಿವಾರ ಹೋಗಲಿಕ್ಕೆ ಒಂದು ಮನೆ ಉಂಟು. ಸತ್ತವರನ್ನು ಒಳಗೆ ಮಲಗಿಸಿಕೊಂಡು ಬದುಕುವುದು ನನಗೆ ಗೊತ್ತು. ನನ್ನ ದೆಸೆಯಿಂದ ಇನ್ನೊಬ್ಬ ಹೆಂಗಸಿಗೆ ಅದು ಬರುವುದು ಬೇಡ. ನೀವು ಇನ್ನು ಇಲ್ಲಿಗೆ ಬರಬೇಡಿ."

ಅವನು ಹ್ಯಾಟು ತಲೆಗಿಟ್ಟುಕೊಂಡ. ಆಮೇಲೆ ಎದ್ದ. ಒಳಕೋಣೆಯ ಕಡೆ ನೋಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ.

*

ಅವನು ಬರಲಿಲ್ಲ. ಬರಬೇಡಿ ಎಂದದ್ದಕ್ಕೆ ಬರಲಿಲ್ಲ. ಆ ಒಂದು ಮಾತು ಮೀರಿಯಾದರೂ ಬರಬಾರದಿತ್ತೇ ಎಂದು ಅವಳ ಮನಸ್ಸು ದಿನಾ ಜಗಳ ತೆಗೆಯುತ್ತಿತ್ತು.

ಶನಿವಾರದ ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ರುಕ್ಮಯ್ಯ ಫುಟ್‌ಬೋರ್ಡಿನಲ್ಲಿ ನಿಂತು ಅವಳ ಕಡೆ ನೋಡಿ, ಏನೋ ಹೇಳಲು ಹೊರಟವನು ಸೀಟಿ ಊದಿಬಿಡುತ್ತಿದ್ದ. ಈಗ ಒಳಕೋಣೆಯಲ್ಲಿ ಅಪ್ಪನೂ ಇರಲಿಲ್ಲ. 'ಅಪ್ಪ ಇಲ್ಲ' ಎಂದು ಒಬ್ಬರ ಬಾಯಿಂದ ಕೇಳಿದ ಮೇಲೆ ಅವನನ್ನು ಮತ್ತೆ ಅಲ್ಲಿ ಮಲಗಿಸಲು ಅವಳಿಂದ ಆಗಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಬಳಿಯ ಚಪ್ಪಲಿಯನ್ನು ಎತ್ತಿ ಅಟ್ಟಕ್ಕೆ ಹಾಕಿದಳು. ಮನೆ ಅದುವರೆಗೆ ಇದ್ದದ್ದಕ್ಕಿಂತ ದೊಡ್ಡದಾಗಿ, ಬರಿದಾಗಿ ಕಂಡಿತು.

"ನೀನು ಸರಿಯಾಗಿ ಉಣ್ಣುವುದಿಲ್ಲ," ಜೈನಬಮ್ಮ ಒಂದು ದಿನ ಎಂದರು. "ಆ ತಾಯಿಯ ಬಗ್ಗೆ ನೀನೇ ಎಲ್ಲ ಎಣಿಸಿದ್ದೀಯ. ಅವರ ಮುಖ ನೋಡಿದ್ದೀಯಾ?"

ಇಲ್ಲ. ನೋಡಿರಲಿಲ್ಲ.

*

ಮೂಡುಬಿದಿರೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸದಿಯ ಬೀದಿಯಲ್ಲಿ ಓವರ್ಸಿಯರರ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಚಾವಡಿಯಲ್ಲಿ ಬಿಳಿ ಸೀರೆಯ ಒಬ್ಬ ಮುದುಕಿ ಕಾಲು ಚಾಚಿ ಕೂತು ಹೆಸರುಕಾಳು ಆರಿಸುತ್ತಿದ್ದರು. ಅಭಯಚಂದ್ರನ ತಾಯಿ ರಾಜಮತಿ. ಮಗನ ಕಣ್ಣು ಅವರದೇ.

"ಬೆಳ್ತಂಗಡಿಯವಳಾ?" ಪದ್ಮಾಕ್ಷಿ ಬಾಯಿ ತೆರೆಯುವ ಮೊದಲೇ ಕೇಳಿದರು.

"ಹೌದಮ್ಮ."

"ಕೂತುಕೋ." ಒಳಗೆ ಹೋಗಿ ಬೆಲ್ಲ, ನೀರು ತಂದು ಮುಂದಿಟ್ಟರು. ಅವಳು ಕುಡಿಯುತ್ತಿದ್ದಂತೆ ಮತ್ತೆ ಕಾಳಿನ ಮೊರ ಎಳೆದುಕೊಂಡರು.

"ನಾನು ಏನೂ ಕೇಳಲಿಕ್ಕೆ ಬಂದದ್ದಲ್ಲ," ಪದ್ಮಾಕ್ಷಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಹೇಳಿದಳು. "ಆಗುವುದಿಲ್ಲ ಅಂತ ಅವರಿಗೆ ಹೇಳಿದ್ದೇನೆ. ನೀವು ಮಗನ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ಅಷ್ಟು ಹೇಳಿ ಹೋಗುವ ಅಂತ ಬಂದೆ."

ರಾಜಮತಿ ಮೊರವನ್ನು ಬದಿಗಿಟ್ಟರು. "ಹೇಳಿದ. ನೀನು ಬೇಡ ಅಂದೆ ಅಂತ. ಯಾಕೆ ಬೇಡ? ನನ್ನ ಮಗನಿಗೆ ಎಂತ ಕಮ್ಮಿ ಆಗಿದೆ?"

ಪದ್ಮಾಕ್ಷಿ ತಬ್ಬಿಬ್ಬಾದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದಳು, ಈ ಪ್ರಶ್ನೆಗಲ್ಲ. "ಅವರಿಗೆ ಕಮ್ಮಿ ಅಲ್ಲಮ್ಮ. ನಿಮಗೆ ಕಮ್ಮಿ ಆಗ್ತದೆ. ನೀವು ಒಬ್ಬರೇ ಆಗ್ತೀರಿ. ಹಾಗೆ ಇರುವುದು ನನಗೆ ಗೊತ್ತುಂಟು, ಅದಕ್ಕೆ."

ಮುದುಕಿ ಅವಳನ್ನು ಮೊದಲ ಸಲ ನೆಟ್ಟಗೆ ನೋಡಿದರು.

"ಹತ್ತು ವರ್ಷದಿಂದ ಆ ಹುಡುಗ ಈ ಮನೆಗೆ ಬರುವುದು ಉಣ್ಣಲಿಕ್ಕೆ ಮತ್ತು ಮಲಗಲಿಕ್ಕೆ. ಮಾತಿಲ್ಲ. ಹೊಗೆ ಸೇದ್ತಾನೆ ಅಂತ ನನಗೆ ಗೊತ್ತಿಲ್ಲ ಅಂತ ಎಣಿಸಿದ್ದ. ಅಂಗಿ ಒಗೆಯುವವಳು ನಾನು, ಗೊತ್ತಾಗದೆ ಇರ್ತದಾ? ಈ ಸರ್ತಿ ದೀಪಾವಳಿಗೆ ಬಂದವನು ಅಡುಗೆಮನೆಯ ಬಾಗಿಲಲ್ಲಿ ಕೂತು ಬೀಡಿ ಎಲೆ ಹೇಗೆ ಕತ್ತರಿಸುವುದು ಅಂತ ನನಗೆ ವಿವರಿಸಿದ. ನಮ್ಮ ಮನೆಯಲ್ಲಿ ಬೀಡಿಯ ಮಾತು! ನಾನು ಬೈಯಲಿಲ್ಲ. ಮಾತಾಡ್ತಾ ಇದ್ದಾನಲ್ಲ, ಮಾತಾಡ್ಲಿ ಅಂತ ಕೇಳಿದೆ." ಲೋಟವನ್ನು ಬದಿಗೆ ಸರಿಸಿ ಹೇಳಿದರು, "ಈಗ ನಾಲ್ಕು ವಾರದಿಂದ ಮತ್ತೆ ಮಾತಿಲ್ಲ."

ಹೊರಗೆ ಬಸದಿಯ ಗಂಟೆ ಒಮ್ಮೆ ಹೊಡೆದು ನಿಂತಿತು.

"ನಾನು ಒಪ್ಪಿದೆ ಅಂತ ತಿಳಿಯಬೇಡ," ಎಂದರು ರಾಜಮತಿ. "ನಾಳೆ ಬಸದಿಯಲ್ಲಿ ಜನ ಕೇಳಿದರೆ ಎಂತ ಹೇಳುವುದು ಅಂತ ನನಗೆ ಗೊತ್ತಿಲ್ಲ. ನನಗೆ ಭಯ ಉಂಟು."

"ನನಗೂ ಉಂಟಮ್ಮ."

ಅವರು ಅವಳನ್ನು ಬಸ್ಸಿನವರೆಗೆ ಕಳಿಸಲು ಬಂದರು. ಬಸ್ಸು ಹೊರಡುವಾಗ ಮುದುಕಿ ಕಿಟಕಿಯ ಹತ್ತಿರ ಬಂದು, ಸೆರಗು ಹೊದ್ದುಕೊಂಡು, ಬೇರೆ ಯಾರಿಗೂ ಕೇಳದಂತೆ ಒಂದು ಮಾತು ಹೇಳಿದರು.

*

ಮರುದಿನ ಬೆಳಿಗ್ಗೆ ಪದ್ಮಾಕ್ಷಿ ಚಾರ್ಮಾಡಿಯ ಬಸ್ಸು ಹತ್ತಿದಳು. ಇಷ್ಟು ವರ್ಷ ಅದು ಮನೆಯ ಮುಂದೆ ಹೋಗುವುದನ್ನು ನೋಡಿದ್ದಳೇ ಹೊರತು ಒಮ್ಮೆಯೂ ಹತ್ತಿರಲಿಲ್ಲ. ರುಕ್ಮಯ್ಯ ಬಾಯಿ ತುಂಬ ನಕ್ಕು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದ.

ಘಟ್ಟದ ಬುಡದಲ್ಲಿ ಡಾಂಬರಿನ ಪೀಪಾಯಿಗಳು, ಜಲ್ಲಿಯ ರಾಶಿ, ಬುಟ್ಟಿ ಹೊತ್ತ ಆಳುಗಳು. ರಸ್ತೆಯ ತಿರುವಿನಲ್ಲಿ ಮೂರು ಕಾಲಿನ ಮೇಲೆ ನಿಲ್ಲಿಸಿದ ದುರ್ಬೀನಿಗೆ ಬಗ್ಗಿ ಅಭಯಚಂದ್ರ ನಿಂತಿದ್ದ. ದೂರದಲ್ಲಿ ಒಬ್ಬ ಆಳು ಅಳತೆಯ ಕೋಲು ಹಿಡಿದಿದ್ದ. ಪದ್ಮಾಕ್ಷಿ ಬಸ್ಸಿಳಿದು ಕೋಲಿನ ಪಕ್ಕದಿಂದಲೇ ನಡೆದು ಬಂದಳು.

ಅವನು ಬಗ್ಗಿದವನು ಹಾಗೇ ಇದ್ದ, ಏಳಲೇ ಇಲ್ಲ. ಅವಳು ತೀರ ಹತ್ತಿರ ಬಂದ ಮೇಲೆ ತಲೆ ಎತ್ತಿದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು.

"ಈ ಗಾಜಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣ್ತದೆ," ಎಂದ. "ನೀವು ಆಕಾಶದಲ್ಲಿ ನಡೆದು ಬರುವ ಹಾಗೆ ಕಂಡಿತು. ಸುಳ್ಳಿರಬೇಕು ಅಂತ ಎಣಿಸಿದೆ."

"ನಿನ್ನೆ ಮೂಡುಬಿದಿರೆಗೆ ಹೋಗಿದ್ದೆ."

ಅವನು ದುರ್ಬೀನು ಬಿಟ್ಟು ಈಚೆ ಬಂದ. "ಅಮ್ಮ ಎಂತ ಹೇಳಿದ್ರು?"

"ಒಪ್ಪಲಿಲ್ಲ. ಭಯ ಉಂಟು ಅಂದ್ರು." ಅವಳು ಉಸಿರು ತೆಗೆದುಕೊಂಡಳು. "ಆದರೆ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಹೇಳಿದ್ರು, 'ಭಾನುವಾರ ಅವನನ್ನೂ ಕರಕೊಂಡು ಬಾ. ಬೆಳಕಿರುವಾಗಲೇ ಬನ್ನಿ, ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟ ಇಲ್ಲ, ನಾನು ಬಡಿಸುವುದಿಲ್ಲ' ಅಂತ."

ಅಭಯಚಂದ್ರ ಬೆಟ್ಟದ ಕಡೆ ತಿರುಗಿ ನಿಂತ. ಆಳುಗಳು ಬುಟ್ಟಿ ಇಳಿಸಿ ನೋಡುತ್ತಿದ್ದರು. ಓವರ್ಸಿಯರರಿಗೆ ಎಂತ ಆಯ್ತು ಎಂದು ಯಾರೋ ಕೇಳಿದರು, ಇನ್ಯಾರೋ ಅವನನ್ನು ಸುಮ್ಮನಾಗಿಸಿದರು. ಪದ್ಮಾಕ್ಷಿ ಅವನ ಪಕ್ಕಕ್ಕೆ ಹೋಗಿ, ಅವನು ನೋಡುತ್ತಿದ್ದ ಕಡೆಗೇ ನೋಡುತ್ತಾ ನಿಂತಳು.

"ಹಾಗಾದರೆ ಬೆಳಗ್ಗಿನ ಬಸ್ಸಿಗೇ ಹೋಗುವ," ಎಂದ ಅವನು, ದನಿ ಸರಿಯಾದ ಮೇಲೆ.

"ಹೋಗುವ," ಎಂದಳು ಪದ್ಮಾಕ್ಷಿ.